ಕಡಿದರೆ ಗಿಡ, ಬಿಟ್ಟರೆ ಕಳೆ

ಏಪ್ರಿಲ್ ಬಿಸಿಲಿಗೆ ಗದಗ ಸೀಮೆಯ ಎರಿ ಹೊಲಗಳು ಬಾಯಿಬಿಟ್ಟಿವೆ. ಬಿರುಕಿನೊಳಗೆ ಮೊಳಕೈತನಕ ಕೈ ಇಳಿಯುತ್ತದೆ. ಕಡಲೆ, ಬಿಳಿಜೋಳ ಮನೆ ಸೇರಿ ಬಹಳ ದಿನಗಳಾದವು. ಬಣವಿಯ ಕಣಿಕೆಯೂ ಬಿಳಿಚಿದೆ. ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳ ರೆಕ್ಕೆ ಸೋಮಾರಿಯಾಗಿ ತಿರುಗುತ್ತಿವೆ. ಇಷ್ಟೆಲ್ಲ ಕಪ್ಪು, ಹಳದಿಯ ನಡುವೆ ಒಡ್ಡಿನ ಮೇಲೊಂದು ಹಸಿರು ಸಾಲು: ಸಣ್ಣ ಸಣ್ಣ ಎಲೆ, ಉಣ್ಣೆಯ ಉಂಡೆಯಂಥ ಬಿಳಿ ಹೂ, ಗೊಂಚಲಾಗಿ ತೂಗುವ ಚಪ್ಪಟೆ ಕಾಯಿ. ಸುಬಾಬುಲ್.

ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ. ಎತ್ತರಕ್ಕೆ ಬೆಳೆಯುವ ತಳಿಗಳನ್ನು ಹವಾಯಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂಬೇಕರ್ ಆರಿಸಿ ಬೆಳೆಸಿದರು. 1970ರ ದಶಕದಲ್ಲಿ ಪುಣೆ ಬಳಿಯ ಉರಳಿಕಾಂಚನದ ಬೈಫ್ ಸಂಸ್ಥೆಯ ಮಣಿಭಾಯಿ ದೇಸಾಯಿ ಅವನ್ನು ದನದ ಮೇವಿಗೆಂದು ನಮ್ಮ ದೇಶದಲ್ಲಿ ಹಬ್ಬಿಸಿದರು. ಮುಂದಿನ ದಶಕದ ಸಾಮಾಜಿಕ ಅರಣ್ಯದ ಭರಾಟೆಯಲ್ಲಿ ಬಯಲುಸೀಮೆಯ ರಸ್ತೆ, ಒಡ್ಡುಗಳೆಲ್ಲ ಇದರ ಪಾಲಾದವು. ಗದಗ ಆಗಿನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು.

ಬೆಟಗೇರಿಯ ನೇಕಾರರ ಓಣಿಯಲ್ಲಿ ಸಂಜೆ ಮಗ್ಗದ ಸದ್ದಿನೊಂದಿಗೆ ಆಡಿನ ಮರಿಗಳ ಕೂಗೂ ಕೇಳುತ್ತದೆ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದ ಸುಬಾಬುಲ್ ತಪ್ಪಲಿನ ಹೊರೆಯನ್ನು ಇಳಿಸುವ ಮೊದಲೇ ಅವು ಬಾಯಿ ಹಾಕಿ ಜಗ್ಗುತ್ತವೆ. ಕಟ್ಟೆಯ ಮೇಲಿನ ಹಿರಿಯರದು ಒಂದೇ ಮಾತು: “ಕುರಿಗೆ ಇದೊಂದನ್ನ ಹಾಕಬ್ಯಾಡೋ ತಮ್ಮಾ, ಉಣ್ಣಿ ಉದುರತೈತಿ. ಕಣಕಿ ಜೋಡಿ ಬೆರಸು.” ಎಚ್ಚರಿಕೆ ಸುಳ್ಳಲ್ಲ. ಒಣಗಿದ ಎಲೆಯಲ್ಲಿ ಶೇ 20ಕ್ಕೂ ಹೆಚ್ಚು ಪ್ರೋಟೀನ್ ಇದೆ. ಜೊತೆಗೆ ಮಿಮೋಸಿನ್ ಎಂಬ ವಿಷವೂ ಇದೆ. ಒಟ್ಟು ಮೇವಿನ ಮೂರರಲ್ಲೊಂದು ಪಾಲು ದಾಟದಿದ್ದರೆ ಭಯವಿಲ್ಲ. ಹವಾಯಿಯ ಆಡುಗಳು ಇದನ್ನೇ ಹೊಟ್ಟೆತುಂಬ ಮೇಯ್ದರೂ ಗಟ್ಟಿಯಾಗಿದ್ದುದನ್ನು ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಗಮನಿಸಿದರು. ಆ ಆಡುಗಳ ಹೊಟ್ಟೆಯಲ್ಲಿದ್ದ ಬ್ಯಾಕ್ಟೀರಿಯಾ ವಿಷವನ್ನು ಒಡೆದುಹಾಕುತ್ತಿತ್ತು.

ಜೂನಿನ ಮಳೆ ಬಿದ್ದೊಡನೆ ಲಕ್ಷ್ಮೇಶ್ವರದ ಸುತ್ತ ಹೆಸರು ಬಿತ್ತುವ ಗಡಿಬಿಡಿ. ಅದರ ನಡುವೆ ಅಂಗಳದ ಮೂಲೆಯಲ್ಲಿ ಸಸಿಯ ಕೆಲಸವೂ ನಡೆಯುತ್ತದೆ. ಹೊಳೆಯುವ ಕಂದು ಬೀಜದ ಸಿಪ್ಪೆ ಬಲು ಗಟ್ಟಿ. ಬಿಸಿನೀರು ಹೊಯ್ದು, ರಾತ್ರಿಯೆಲ್ಲ ನೆನೆಯಿಟ್ಟು, ಬೆಳಿಗ್ಗೆ ಗೊಬ್ಬರ ಬೆರೆಸಿದ ಮಣ್ಣಿನ ಪಾಕೀಟಿಗೆ ಊರುತ್ತಾರೆ. ಸುಣ್ಣದಂಶವಿರುವ ಎರಿ ಮಣ್ಣು ಈ ಗಿಡಕ್ಕೆ ಒಗ್ಗುತ್ತದೆ. ಮಲೆನಾಡಿನ ಹುಳಿ ಮಣ್ಣಲ್ಲಿ ಸೊರಗುತ್ತದೆ. ಎಳೆಯ ಸಸಿಯೊಂದನ್ನು ಮೆಲ್ಲಗೆ ಕಿತ್ತರೆ ಬೇರಿನ ತುಂಬ ಸಣ್ಣ ಗಂಟುಗಳು. ಉಗುರಲ್ಲಿ ಒಡೆದು ನೋಡಿ: ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ದುಡಿಯುತ್ತಿದೆ, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿದೆ.

ಹಾಗೆಂದು ಪಕ್ಕದ ಜೋಳಕ್ಕೆ ಅದು ಪುಕ್ಕಟೆ ಸಿಗುವುದಿಲ್ಲ. ಗಂಟಿನ ಗಳಿಕೆ ಎಲೆಗೆ ಏರಿ, ಎಲೆ ನೆಲಕ್ಕೆ ಬಿದ್ದು ಕೊಳೆಯಬೇಕು. ಅದಕ್ಕೇ ಶಿರಹಟ್ಟಿ ಕಡೆ ಹಿಂಗಾರಿ ಬಿತ್ತುವ ಮುಂಚೆ ಒಡ್ಡಿನ ಗಿಡಗಳಿಗೆ ಕೊಡಲಿ ಬೀಳಬೇಕು. ಎದೆಮಟ್ಟಕ್ಕೆ ಕಡಿದರೆ ಎಳೆ ಟೊಂಗೆ ಹೊಲಕ್ಕೆ, ದಪ್ಪ ಕಟ್ಟಿಗೆ ರೊಟ್ಟಿಯ ಒಲೆಗೆ. ಕೆಲ ದಿನಗಳಲ್ಲೇ ಮೋಟಿನ ಸುತ್ತ ಹೊಸ ಚಿಗುರು. ಮೈಗಳ್ಳತನ ಮಾಡಿದವರ ಹೊಲ ದೂರದಿಂದಲೇ ತಿಳಿಯುತ್ತದೆ: ಒಡ್ಡಿಗೆ ಹತ್ತಿದ ಜೋಳದ ಸಾಲುಗಳು ನೆರಳಿಗೂ ಬೇರಿನ ಪೈಪೋಟಿಗೂ ಸಿಕ್ಕಿ ಗಿಡ್ಡಾಗಿ ನಿಂತಿರುತ್ತವೆ. ಸುಬಾಬುಲ್ ಬೇಡವೆನ್ನುವವರು ಮಸಾರಿ ನೆಲದಲ್ಲಿ ಗ್ಲಿರಿಸಿಡಿಯಾದ ಕೋಲು ಊರಬಹುದು. ಸೊಪ್ಪಿನ ಗೊಬ್ಬರಕ್ಕೆ ಅದೇನೂ ಕಡಿಮೆಯಲ್ಲ. ಆದರೆ ಅದರ ವಾಸನೆಗೆ ಆಡು ಮೊದಮೊದಲು ಮೂಗು ತಿರುಗಿಸುತ್ತದೆ.

ಮುಂಡರಗಿಯ ಬಯಲಿಗೆ ಬನ್ನಿ. ಒಂದು ಮಗ್ಗುಲಿಗೆ ತುಂಗಭದ್ರೆ, ಇನ್ನೊಂದಕ್ಕೆ ಕಪ್ಪತಗುಡ್ಡ. ಇಲ್ಲಿ ಯಾರೂ ಕೈಯಿಡದ ಸುಬಾಬುಲ್ ಸಾಲೊಂದನ್ನು ನೋಡಬೇಕು. ಕಂದು ಕಾಯಿ ಸಿಡಿದು, ಬೀಜ ಚೆಲ್ಲಿ, ಬುಡದಲ್ಲಿ ಕಾಲಿಡಲೂ ಎಡೆಯಿಲ್ಲದಂತೆ ಸಸಿಗಳು ಎದ್ದಿರುತ್ತವೆ. ಜಗತ್ತಿನ ಅತಿ ಉಪದ್ರವಿ 100 ಅನ್ಯ ಜೀವಿಗಳ ಪಟ್ಟಿಯಲ್ಲಿ ಈ ಗಿಡದ ಹೆಸರೂ ಇದೆ. ಔಷಧಿ ಸಸ್ಯಗಳಿಗೆ ಹೆಸರಾಗಿ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಬುಡದಲ್ಲಿ ಇದರ ಬೀಜ ಎರಚುವುದು ಬೇಡವೇ ಬೇಡ.

ವರ್ಷಕ್ಕೆ ಮೂರ್ನಾಲ್ಕು ಸಲ, ಕಾಯಿ ಬಲಿಯುವ ಮೊದಲೇ ಕೊಯ್ಯುವವರು ಮನೆಯಲ್ಲಿದ್ದರೆ, ತಿನ್ನಲು ಹಟ್ಟಿಯಲ್ಲಿ ಆಡು-ಎಮ್ಮೆ ಇದ್ದರೆ, ಇದನ್ನು ಧೈರ್ಯವಾಗಿ ಹಚ್ಚಬಹುದು. ದನ ಮಾರಿ, ಮಕ್ಕಳು ಹುಬ್ಬಳ್ಳಿ-ಬೆಂಗಳೂರು ಸೇರಿದ ಮನೆಯ ಹೊಲಕ್ಕೆ ಹಳೆಯ ಬನ್ನಿಯೇ ವಾಸಿ. ಅದರ ಬೇರೂ ಸಾರಜನಕ ಹಿಡಿಯುವ ಇದೇ ಕಸುಬು ಮಾಡುತ್ತದೆ. ನಿಧಾನ, ಆದರೆ ಕಾವಲು ಬೇಡುವುದಿಲ್ಲ.