ಪಕ್ಕದ ತೋಟದ ಲಾಭ ಎಣಿಸ್ತಾ ಕೂತರೆ ಗೆಲ್ಲೋದು ಹಣ್ಣುನೊಣ

ಮಾವಿನಲ್ಲಿ ಹಣ್ಣುನೊಣದ ಕಾಟ ಅಂತ ಫೋನ್ ಮಾಡುವ ಗೆಳೆಯರಿಗೆ ನಾನು ಮೊದಲು ಕೇಳೋದು ಒಂದೇ: "ಪಕ್ಕದ ತೋಟದವರು ಟ್ರ್ಯಾಪ್ ಕಟ್ಟಿದ್ದಾರಾ?" ಎರಡು ಎಕರೆಯವರು, "ಅವರದು ಇಪ್ಪತ್ತು ಎಕರೆ, ಲಾಭವೆಲ್ಲ ಅವರಿಗೇ. ನಾನ್ಯಾಕೆ ಖರ್ಚು ಮಾಡ್ಲಿ?" ಅಂತಾರೆ. ಇಪ್ಪತ್ತು ಎಕರೆಯವರು, "ದುಡ್ಡು ನಂದು, ಅವರಿಗೆ ಪುಕ್ಕಟೆ ಲಾಭಾನಾ?" ಅಂತಾರೆ. ಕೊನೆಗೆ ಇಬ್ಬರೂ ಕಟ್ಟೋದಿಲ್ಲ.

ಒಬ್ಬರೇ ಕಟ್ಟಿದರೆ ಯಾಕೆ ಸಾಲದು?

ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತೆ. ಹುಳ ತಿರುಳು ತಿಂದು, ಹಣ್ಣಿನಿಂದ ಹೊರಬಂದು, ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತೆ. ಮೀಥೈಲ್ ಯೂಜಿನಾಲ್ ಟ್ರ್ಯಾಪಿಗೆ ಬೀಳೋದು ಗಂಡು ನೊಣ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಆದ್ದರಿಂದ ಸುತ್ತಮುತ್ತಲಿನ ಗಂಡುಗಳಲ್ಲಿ ಹೆಚ್ಚಿನವು ಸಾಯಬೇಕು. ಪಕ್ಕದ ತೋಟದಲ್ಲಿ ಕೂಡಿದ ಹೆಣ್ಣು ಹಾರಿಬಂದು ನಿಮ್ಮ ಕಾಯಿಗೆ ಮೊಟ್ಟೆ ಇಟ್ಟರೆ, ನಿಮ್ಮ ಟ್ರ್ಯಾಪ್ ಅದನ್ನು ತಡೆಯೋಲ್ಲ.

ಹೋಲಿಸಿ ನೋಡೋದು ಮನುಷ್ಯನ ಗುಣ

2001ರಲ್ಲಿ ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಫಿಶ್‌ಬಾಕರ್, ಗೆಕ್ಟರ್ ಮತ್ತು ಫೆಹ್ರ್ ಒಂದು ಪ್ರಯೋಗ ಪ್ರಕಟಿಸಿದರು. ನಾಲ್ಕು ಜನರ ಗುಂಪು; ಪ್ರತಿಯೊಬ್ಬರೂ ತಮ್ಮ ಪಾಲಿನಿಂದ ಇಷ್ಟಬಂದಷ್ಟನ್ನು ಸಾಮಾನ್ಯ ನಿಧಿಗೆ ಹಾಕಬಹುದು. ಸುಮಾರು ಅರ್ಧದಷ್ಟು ಜನ, ಬೇರೆಯವರು ಹೆಚ್ಚು ಹಾಕಿದಷ್ಟೂ ತಾವೂ ಹೆಚ್ಚು ಹಾಕಲು ಸಿದ್ಧರಿದ್ದರು. ಮೂರನೇ ಒಂದು ಭಾಗದಷ್ಟು ಜನ ಏನನ್ನೂ ಹಾಕಲಿಲ್ಲ.

ನಮ್ಮೂರಿಗೂ ಇದೇ ಪಾಠ. ಹೋಲಿಕೆ ಬಿಡಿ ಅಂದ್ರೆ ಯಾರೂ ಬಿಡೋಲ್ಲ. ಆದರೆ ಪಕ್ಕದವರಿಗೆ ಎಷ್ಟು ಸಿಕ್ಕಿತು ಅಂತ ನೋಡಿದರೆ ಹೊಟ್ಟೆಯುರಿ. ಅವರೂ ಎಷ್ಟು ಕೆಲಸ ಮಾಡಿದರು ಅಂತ ಕಂಡರೆ ಕೈ ಜೋಡಿಸುವ ಮನಸ್ಸು.

ಹೀಗೆ ಮಾಡಿ

1. ಖರ್ಚು ಎಕರೆ ಲೆಕ್ಕದಲ್ಲಿ ಇರಲಿ. ತಲೆಗೆ ಇಷ್ಟು ಅಂತ ಹಾಕಿದರೆ ಸಣ್ಣ ರೈತರು ಮೊದಲ ವರ್ಷವೇ ಹಿಂದೆ ಸರಿಯುತ್ತಾರೆ.

2. ಕೊಯ್ಲಿಗೆ ಒಂದೂವರೆ-ಎರಡು ತಿಂಗಳು ಮುಂಚೆ, ಎಲ್ಲರೂ ಒಂದೇ ದಿನ ಟ್ರ್ಯಾಪ್ ಕಟ್ಟಿ. ಅದೇ ದಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ. ಆ ಗುಂಪಿನಲ್ಲಿ ಇಳುವರಿ, ರೇಟಿನ ಮಾತು ಬೇಡ.

3. ಬಿದ್ದ ಹಣ್ಣನ್ನು ಆರಿಸಿ ಆಳವಾಗಿ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಬದುವಿಗೆ ಎಸೆದರೆ ನೊಣ ಸಾಕಿದ ಹಾಗೆ.

4. ತೋಟ ಗುತ್ತಿಗೆಗೆ ಕೊಟ್ಟಿದ್ದರೆ, ಬಿದ್ದ ಹಣ್ಣು ಆರಿಸೋದು ಯಾರ ಕೆಲಸ ಅಂತ ಕರಾರಿನಲ್ಲೇ ಬರೆಸಿ.

5. ಒಬ್ಬರು ಬರಲ್ಲ ಅಂದ್ರೆ ಉಳಿದವರು ನಿಲ್ಲಿಸಬೇಡಿ. ಅವರ ತೋಟದ ಬಿದ್ದ ಹಣ್ಣನ್ನಾದರೂ ಆರಿಸೋಕೆ ಒಪ್ಪಿಗೆ ಕೇಳಿ. ನಮ್ಮ ಕಡೆ ನಾನು ನೋಡಿದ ಹಾಗೆ, ಇದಕ್ಕೆ ಬೇಡ ಅನ್ನೋರು ಕಮ್ಮಿ.

ಈ ವಾರ ಮಾಡಬೇಕಾದ್ದು ಇಷ್ಟೇ: ನಿಮ್ಮ ತೋಟದ ನಾಲ್ಕೂ ದಿಕ್ಕಿನವರಿಗೆ ಫೋನ್ ಮಾಡಿ, ಟ್ರ್ಯಾಪ್ ಕಟ್ಟೋಕೆ ಒಂದು ದಿನ ಗೊತ್ತುಮಾಡಿ.