ಸೋಹೋದಲ್ಲಿ ಒಂದು ಮಹಡಿ ಮಾರಾಟಕ್ಕಿದೆ

ನ್ಯೂಯಾರ್ಕಿನ ಸೋಹೋದಲ್ಲಿ ಮನೆ ಮಾರುವ ಜಾಹೀರಾತುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿ. ಹನ್ನೆರಡು–ಹದಿಮೂರು ಅಡಿ ಎತ್ತರದ ಚಾವಣಿ, ಆಳೆತ್ತರ ಮೀರಿದ ಕಿಟಕಿಗಳು, ಹಳೆಯ ಕಬ್ಬಿಣದ ಕಂಬಗಳು, ಗಾರೆ ಮೆತ್ತದ ಇಟ್ಟಿಗೆ ಗೋಡೆ, ಬೀಗದ ಕೈ ತಿರುಗಿಸಿದರೆ ನೇರ ಮನೆಯೊಳಗೇ ತೆರೆದುಕೊಳ್ಳುವ ಲಿಫ್ಟ್. ಎರಡು ಸಾವಿರ ಚದರಡಿಯ ಇಂಥ ಮನೆಗೆ 30–40 ಲಕ್ಷ ಡಾಲರ್, ಅಂದರೆ ನಮ್ಮ 25 ಕೋಟಿ ರೂಪಾಯಿಗೂ ಮೇಲೆ ಹೇಳಿದರೆ ಅಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಇಷ್ಟೆಲ್ಲ ಹೊಗಳಿದ ಮೇಲೆ ಕೆಲವು ಜಾಹೀರಾತುಗಳ ಬುಡದಲ್ಲಿ ಸಣ್ಣಕ್ಷರದ ಇನ್ನೊಂದು ಸಾಲು ಇರುತ್ತದೆ: ಮನೆಯಲ್ಲಿ ವಾಸಿಸುವವರಲ್ಲಿ ಒಬ್ಬರಾದರೂ ಕಲಾವಿದರೆಂದು ನಗರಾಡಳಿತದಿಂದ ಪ್ರಮಾಣಪತ್ರ ಪಡೆದಿರಬೇಕು.

ಇದೆಂಥ ಷರತ್ತು? ಅದರ ಹಿಂದೆ ಅರ್ಧ ಶತಮಾನದ ಜಗಳವಿದೆ. ಹಾಗೆ ನೋಡಿದರೆ ಆ ಜಾಹೀರಾತಿನಲ್ಲಿ ಐಷಾರಾಮವೆಂದು ಹೇಳಿಕೊಂಡದ್ದೆಲ್ಲ ಒಂದು ಕಾಲಕ್ಕೆ ಕಾರ್ಖಾನೆಯ ಅಗತ್ಯವಾಗಿತ್ತೇ ಹೊರತು ಯಾರ ಸುಖಕ್ಕಾಗಿಯೂ ಮಾಡಿದ್ದಲ್ಲ.

ಮ್ಯಾನ್‌ಹಟನ್ನಿನ ಹೌಸ್ಟನ್ ರಸ್ತೆಯಿಂದ ದಕ್ಷಿಣಕ್ಕೆ ಕೆನಾಲ್ ರಸ್ತೆಯವರೆಗಿನ ಪೇಟೆಯೇ ಸೋಹೋ. 19ನೇ ಶತಮಾನದ ಉತ್ತರಾರ್ಧದಲ್ಲಿ ಇದು ಜವಳಿಯ ಸಗಟು ಮಳಿಗೆಗಳ, ಗೋದಾಮುಗಳ, ಸಣ್ಣ ಕಾರ್ಖಾನೆಗಳ ಜಾಗ. ಐದಾರು ಅಂತಸ್ತಿನ ಕಟ್ಟಡದ ಒಂದೊಂದು ಮಹಡಿಯೂ ನಡುಗೋಡೆಗಳಿಲ್ಲದ ಒಂದೇ ಹಜಾರ. ಅದನ್ನೇ ಅಲ್ಲಿನವರು ಲಾಫ್ಟ್ ಎನ್ನುತ್ತಾರೆ. ವಿದ್ಯುತ್ ದೀಪ ಬರುವ ಮೊದಲು ಹೊಲಿಗೆಯ ಕೆಲಸಕ್ಕೂ ಬಟ್ಟೆಯ ಬಣ್ಣ ನೋಡುವುದಕ್ಕೂ ಹಗಲು ಬೆಳಕೇ ಗತಿ. ಕಲ್ಲು, ಇಟ್ಟಿಗೆಯ ಮುಂಗೋಡೆ ಭಾರ ಹೊರಬೇಕಾದರೆ ದಪ್ಪಗಿರಬೇಕು, ಕಿಟಕಿ ಕಿರಿದಾಗಬೇಕು. ಎರಕದ ಕಬ್ಬಿಣದ ಕಂಬ ತೆಳ್ಳಗಿದ್ದೂ ಅಷ್ಟೇ ಭಾರ ಹೊರುತ್ತದೆ. ಉಳಿದ ಜಾಗವೆಲ್ಲ ಗಾಜಿಗೆ. ಡೇನಿಯಲ್ ಬ್ಯಾಡ್ಜರ್‌ನಂಥ ಉದ್ಯಮಿಗಳು ಕಂಬ, ಕಮಾನು, ಬೋದಿಗೆಗಳನ್ನೆಲ್ಲ ಎರಕದ ಮನೆಯಲ್ಲೇ ಹೊಯ್ದು, ಚಿತ್ರಸಹಿತ ಪಟ್ಟಿ ಅಚ್ಚು ಹಾಕಿಸಿ ಮಾರುತ್ತಿದ್ದರು. ಗಿರಾಕಿ ಆರಿಸಿಕೊಳ್ಳುವುದು, ಗಾಡಿಯಲ್ಲಿ ಬಿಡಿಭಾಗ ಬರುವುದು, ಬೋಲ್ಟು ಬಿಗಿಯುವುದು. ಬೆಂಗಳೂರಿನವರಿಗೆ ಈ ವಿದ್ಯೆ ತೀರ ಅಪರಿಚಿತವಲ್ಲ. ಲಾಲ್‌ಬಾಗಿನ ಗಾಜಿನಮನೆಯ ಕಬ್ಬಿಣವೂ ಗ್ಲಾಸ್ಗೋದ ಕಾರ್ಖಾನೆಯಲ್ಲಿ ಎರಕಗೊಂಡು ಹಡಗಿನಲ್ಲಿ ಬಂದದ್ದೇ. ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ.

ಆದರೆ ಲಾಲ್‌ಬಾಗಿನಲ್ಲಿ ಕಬ್ಬಿಣ ಕಬ್ಬಿಣವಾಗಿಯೇ ಕಾಣುತ್ತದೆ. ಸೋಹೋದಲ್ಲಿ ಅದಕ್ಕೆ ಕಲ್ಲಿನ ಬಣ್ಣ ಬಳಿದು ಇಟಲಿಯ ಅರಮನೆಯಂತೆ ತೋರಿಸುವುದು ಆಗಿನ ಶೋಕಿ. ಈಗಲೂ ಕಣ್ಣಿಗೆ ಮೋಸವಾಗುವುದುಂಟು. ಈ ಕಟ್ಟಡಗಳ ಉಳಿವಿಗಾಗಿ 1970ರಲ್ಲಿ ಸಂಘ ಕಟ್ಟಿದ ಮಾರ್ಗೋ ಗೇಲ್ ತಮ್ಮೊಂದಿಗೆ ಸುತ್ತಾಡಲು ಬಂದವರ ಕೈಗೆ ಪುಟ್ಟ ಅಯಸ್ಕಾಂತ ಕೊಡುತ್ತಿದ್ದರು. ಕಂಬಕ್ಕೆ ಅಂಟಿದರೆ ಕಬ್ಬಿಣ, ಜಾರಿಬಿದ್ದರೆ ಕಲ್ಲು.

ಬ್ರೋಕರು ಬಾಯಿಬಿಟ್ಟು ಹೇಳದ ಒಂದು ಮಾತೂ ಇದೆ. ಈ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ, ಬಲು ಉದ್ದ. ಹೀಗಾಗಿ ಹೆಚ್ಚಿನ ಲಾಫ್ಟುಗಳಿಗೆ ಕಿಟಕಿ ಇರುವುದು ಮುಂದೆ ಮತ್ತು ಹಿಂದೆ ಮಾತ್ರ, ನಡುಮನೆ ಕತ್ತಲು. ಮಲಗುವ ಕೋಣೆಗೆ ಕಿಟಕಿ ಇರಲೇಬೇಕೆಂದು ನಗರದ ಕಾನೂನು ಹೇಳುತ್ತದೆ. ಆದ್ದರಿಂದ ನಕ್ಷೆಯಲ್ಲಿ ಆ ನಡುವಿನ ಕೋಣೆಗೆ ‘ಮನೆಯ ಆಫೀಸು’ ಎಂದು ಹೆಸರು ಬರೆದಿರುತ್ತಾರೆ. ಅಲ್ಲಿ ಮಂಚ ಹಾಕಿಕೊಂಡವರೇ ಜಾಸ್ತಿ ಎಂದು ಬೇರೆ ಹೇಳಬೇಕಿಲ್ಲ.

ಲಿಫ್ಟಿನ ಕಥೆಯೂ ಇಲ್ಲಿಂದಲೇ ಶುರು. ಬ್ರಾಡ್‌ವೇ ಮತ್ತು ಬ್ರೂಮ್ ರಸ್ತೆ ಕೂಡುವ ಮೂಲೆಯ ಹಾವೌಟ್ ಕಟ್ಟಡ ಪಿಂಗಾಣಿ, ಗಾಜಿನ ಸಾಮಾನಿನ ಅಂಗಡಿಯಾಗಿತ್ತು; ಅಬ್ರಹಾಂ ಲಿಂಕನ್‌ರ ಮಡದಿ ಮೇರಿ ಶ್ವೇತಭವನಕ್ಕೆ ಊಟದ ತಟ್ಟೆಗಳನ್ನು ತರಿಸಿದ್ದು ಇಲ್ಲಿಂದ. ಇದರ ಕಬ್ಬಿಣದ ಮುಂಭಾಗ ಬ್ಯಾಡ್ಜರ್‌ನ ಎರಕದ ಮನೆಯದು. 1857ರಲ್ಲಿ ಎಲಿಷಾ ಓಟಿಸ್ ಇಲ್ಲಿ ಹಬೆಯಿಂದ ನಡೆಯುವ ಲಿಫ್ಟ್ ಕೂರಿಸಿದ. ಸಾರ್ವಜನಿಕರನ್ನು ಹೊತ್ತೊಯ್ದ ಮೊದಲ ಸುರಕ್ಷಿತ ಲಿಫ್ಟ್ ಎಂದು ಇದಕ್ಕೆ ಹೆಸರು. ಗಿರಾಕಿಗಳಿಗೆ ಧೈರ್ಯ ಸಾಲದೆ ಕೆಲವೇ ವರ್ಷಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತೆನ್ನುವುದು ಬೇರೆ ಮಾತು.

20ನೇ ಶತಮಾನದಲ್ಲಿ ದೊಡ್ಡ ವ್ಯಾಪಾರ ಊರಿನ ಮೇಲ್ಭಾಗಕ್ಕೆ ಹೋಯಿತು. ಉಳಿದದ್ದು ಚಿಂದಿ, ರಟ್ಟು, ಗೊಂಬೆ, ಅಗ್ಗದ ಉಡುಪಿನ ಕೆಲಸ. ಹೊರಗೆ ಕಬ್ಬಿಣ, ಒಳಗೆ ಒಣಗಿದ ಮರದ ತೊಲೆ. ಮೇಲಿಂದ ಮೇಲೆ ಬೆಂಕಿ. ಅಗ್ನಿಶಾಮಕ ದಳದವರು ಇದನ್ನು ‘ನರಕದ ನೂರು ಎಕರೆ’ ಎಂದರು. ರಾಬರ್ಟ್ ಮೋಸೆಸ್ ಎಂಬ ಪ್ರಭಾವಿ ಅಧಿಕಾರಿ ಬ್ರೂಮ್ ರಸ್ತೆಯ ಉದ್ದಕ್ಕೂ ಎಲ್ಲ ಕೆಡವಿ ಹತ್ತು ಪಥದ ಹೆದ್ದಾರಿ ಎಬ್ಬಿಸಲು ಹೊರಟಿದ್ದ. ಹಾವೌಟ್ ಕಟ್ಟಡವೂ ಆ ದಾರಿಯಲ್ಲೇ ಇತ್ತು. ನಗರ ಯೋಜನಾ ತಜ್ಞ ಚೆಸ್ಟರ್ ರಾಪ್ಕಿನ್ 1963ರಲ್ಲಿ ವರದಿ ಕೊಟ್ಟು, ಈ ಹಾಳು ಕಟ್ಟಡಗಳಲ್ಲಿ ಸಾವಿರಾರು ಜನಕ್ಕೆ ಕೆಲಸವಿದೆ, ಅವರಲ್ಲಿ ಕರಿಯರು, ಪೋರ್ಟೊರಿಕೊದವರು, ಹೆಂಗಸರು ಬಹಳ ಎಂದು ತೋರಿಸಿದರು. 1968ರಲ್ಲಿ ಹೆದ್ದಾರಿಯ ಬಗ್ಗೆ ಅಹವಾಲು ಕೇಳುವ ಸಭೆಯಲ್ಲಿ ಲೇಖಕಿ ಜೇನ್ ಜೇಕಬ್ಸ್ ವೇದಿಕೆಯನ್ನೇ ಏರಿ ಪ್ರತಿಭಟಿಸಿ ಬಂಧನಕ್ಕೊಳಗಾದರು. ಮರುವರ್ಷ ಹೆದ್ದಾರಿಯ ಯೋಜನೆ ಬಿದ್ದುಹೋಯಿತು.

ಹೆದ್ದಾರಿ ಬರುತ್ತದೋ ಇಲ್ಲವೋ ಎಂಬ ಆ ತೂಗುಯ್ಯಾಲೆಯ ಕಾಲದಲ್ಲೇ ಕಲಾವಿದರು ಮೆಲ್ಲಗೆ ಒಳಸೇರಿದ್ದು. ಕೆಡವಲಿರುವ ಕಟ್ಟಡಕ್ಕೆ ಬಾಡಿಗೆ ಎಷ್ಟು ಕೇಳಿಯಾರು? ಆಳೆತ್ತರದ ಕ್ಯಾನ್ವಾಸಿಗೆ, ಕಬ್ಬಿಣದ ಶಿಲ್ಪಕ್ಕೆ ಬೇಕಾದ ಜಾಗ, ಬೆಳಕು, ಸಾಮಾನಿನ ಲಿಫ್ಟ್ ಎಲ್ಲ ಸಿದ್ಧವಾಗಿತ್ತು. ಇಲ್ಲದಿದ್ದದ್ದು ಬಚ್ಚಲು, ರಾತ್ರಿಯ ಬಿಸಿಗಾಳಿ, ಅಲ್ಲಿ ಮಲಗುವ ಹಕ್ಕು. ಕೈಗಾರಿಕಾ ವಲಯದಲ್ಲಿ ವಾಸ ಕಾನೂನುಬಾಹಿರ. ಕಲಾವಿದರು ಗಲಾಟೆ ಮಾಡಿದ ಮೇಲೆ 1961ರಲ್ಲಿ ನಗರಾಡಳಿತ ಒಂದಿಷ್ಟು ಸಡಿಲ ಬಿಟ್ಟಿತು: ಬಾಗಿಲ ಬಳಿ ‘ಎ.ಐ.ಆರ್.’ ಎಂಬ ಫಲಕ ತೂಗುಹಾಕಿ ಮಹಡಿಯ ಸಂಖ್ಯೆ ಬರೆಯಬೇಕು. ‘ಇಲ್ಲಿ ಕಲಾವಿದರು ವಾಸವಾಗಿದ್ದಾರೆ’ ಎಂಬುದು ಅದರ ಸಾರಾಂಶ. ಬೆಂಕಿ ಬಿದ್ದಾಗ ಯಾವ ಮಹಡಿಯಲ್ಲಿ ಜನರಿದ್ದಾರೆಂದು ದಳದವರಿಗೆ ತಿಳಿಯಲಿ ಎಂಬುದಷ್ಟೇ ಉದ್ದೇಶ.

ಜಾರ್ಜ್ ಮಚ್ಯೂನಸ್ ಎಂಬ ಕಲಾವಿದ 1967ರಲ್ಲಿ ವೂಸ್ಟರ್ ರಸ್ತೆಯ 80ನೇ ನಂಬರಿನ ಕಟ್ಟಡವನ್ನು ಕೊಂಡು, ಮಹಡಿಗಳನ್ನು ಗೆಳೆಯರಿಗೆ ಹಂಚಿ ಸಹಕಾರಿ ಮನೆಗಳ ಪದ್ಧತಿ ಶುರುಮಾಡಿದ. ಅನುಮತಿ, ಪರವಾನಗಿ ಇತ್ಯಾದಿಗಳ ಗೊಡವೆಗೆ ಅವನು ಹೋದವನಲ್ಲ. ಮರುವರ್ಷ ಶಿಲ್ಪಿ ಡೊನಾಲ್ಡ್ ಜಡ್ ಸ್ಪ್ರಿಂಗ್ ರಸ್ತೆಯ 101ನೇ ನಂಬರಿನ, 1870ರಲ್ಲಿ ಕಟ್ಟಿದ ಐದು ಅಂತಸ್ತಿನ ಇಡೀ ಕಬ್ಬಿಣದ ಕಟ್ಟಡವನ್ನೇ 68,000 ಡಾಲರಿಗೆ ಕೊಂಡರು. ಈಗ ಅದು ಅವರ ಹೆಸರಿನ ಪ್ರತಿಷ್ಠಾನದ ಕೈಯಲ್ಲಿದೆ. 2013ರಲ್ಲಿ ಮುಗಿದ ಜೀರ್ಣೋದ್ಧಾರಕ್ಕೇ ಸುಮಾರು 2.3 ಕೋಟಿ ಡಾಲರ್ ಬಿತ್ತು. ಜಡ್ ಇಟ್ಟ ಜಾಗದಲ್ಲೇ ಪೀಠೋಪಕರಣ, ಕಲಾಕೃತಿಗಳಿವೆ. ಮುಂಚೆ ಹೇಳಿ ಹೋದರೆ ನೋಡಬಹುದು.

ಕೊನೆಗೆ 1971ರಲ್ಲಿ ನಗರಾಡಳಿತ ವಲಯದ ನಿಯಮ ತಿದ್ದಿತು. ಸೋಹೋದ ಲಾಫ್ಟುಗಳಲ್ಲಿ ಜನ ವಾಸಿಸಬಹುದು, ಆದರೆ ಅಲ್ಲೇ ಕೆಲಸವನ್ನೂ ಮಾಡುವ, ಪ್ರಮಾಣಪತ್ರ ಪಡೆದ ಕಲಾವಿದರು ಮಾತ್ರ. ಜಾಹೀರಾತಿನ ಸಣ್ಣಕ್ಷರದ ಸಾಲು ಹುಟ್ಟಿದ್ದು ಇಲ್ಲಿ. ಎರಡು ವರ್ಷದ ಬಳಿಕ, 1973ರಲ್ಲಿ, 26 ಬ್ಲಾಕುಗಳು ಪಾರಂಪರಿಕ ಪ್ರದೇಶವೆಂದು ಘೋಷಣೆಯಾದವು. ಕಲಾವಿದರಿಗೆ ಮನೆ ಸಿಕ್ಕಿತು, ಕಟ್ಟಡಗಳಿಗೆ ಆಯುಷ್ಯ ಸಿಕ್ಕಿತು. ಆದರೆ ಅವರ ಬೆನ್ನಿಗೇ ಗ್ಯಾಲರಿಗಳು, ಗ್ಯಾಲರಿಗಳ ಬೆನ್ನಿಗೆ ಹಣವಂತರು, ಅವರ ಬೆನ್ನಿಗೆ ದುಬಾರಿ ಬಟ್ಟೆಯಂಗಡಿಗಳು ಬಂದವು. ಸಮಾಜಶಾಸ್ತ್ರಜ್ಞೆ ಶರೋನ್ ಝೂಕಿನ್ 1982ರಷ್ಟು ಹಿಂದೆಯೇ ಇದರ ಮೇಲೆ ಇಡೀ ಪುಸ್ತಕ ಬರೆದರು. ವಕೀಲರು, ಬ್ಯಾಂಕಿನವರು ಲಾಫ್ಟ್ ಕೊಂಡಾಗ ಪ್ರಮಾಣಪತ್ರ ಎಲ್ಲಿ ಎಂದು ಗಟ್ಟಿಯಾಗಿ ಕೇಳಿದವರಿಲ್ಲ.

ಜಮೀನಿಗೆ ಇಷ್ಟು ಬೆಲೆಯಿರುವ ಈ ಪೇಟೆಯಲ್ಲಿ ಒಂದು ಲಾಫ್ಟ್ ಮಾತ್ರ ಮಾರುಕಟ್ಟೆಗೆ ಬೆನ್ನು ಹಾಕಿ ಕೂತಿದೆ. ವೂಸ್ಟರ್ ರಸ್ತೆಯ 141ನೇ ನಂಬರಿಗೆ ಹೋಗಿ ಮೆಟ್ಟಿಲು ಹತ್ತಿದರೆ ಮೊದಲು ಮೂಗಿಗೆ ಬಡಿಯುವುದು ಹಸಿಮಣ್ಣಿನ ವಾಸನೆ. ಕಲಾವಿದ ವಾಲ್ಟರ್ ಡಿ ಮರಿಯಾ 1977ರಲ್ಲಿ 3,600 ಚದರಡಿಯ ಆ ಮಹಡಿಗೆ 22 ಅಂಗುಲ ದಪ್ಪ ಮಣ್ಣು ತುಂಬಿಸಿದ. ತೂಕ ಸುಮಾರು 127 ಟನ್. ಬಾಗಿಲಲ್ಲಿ ಗಾಜಿನ ಅಡ್ಡೆ. ಅದರಾಚೆ ಹೆಜ್ಜೆ ಇಡುವಂತಿಲ್ಲ. ಮಣ್ಣಿಗೆ ಆಗಾಗ ನೀರು ಚಿಮುಕಿಸಿ, ಹಲುಬೆಯಿಂದ ಎಳೆದು ಸಮ ಮಾಡುತ್ತಾರೆ, ಮೊಳಕೆ ಕಂಡರೆ ಕೀಳುತ್ತಾರೆ. ಬೆಳೆ ಇಲ್ಲ, ಬಾಡಿಗೆ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ. ನಮ್ಮ ರೈತರು ನೋಡಿದರೆ ಏನೆಂದಾರೋ!

ಇಂದು ಸೋಹೋದಲ್ಲಿ ಮನೆ ಕೊಳ್ಳುವವರಿಗೆ ಬೆಲೆಯೊಂದೇ ತಲೆನೋವಲ್ಲ. ಹಳೆಯ ಲಾಫ್ಟುಗಳಲ್ಲಿ ಬಹಳಷ್ಟು ಸಹಕಾರಿ ಸಂಘದ ಆಸ್ತಿ. ಕೊಂಡವರಿಗೆ ಸಿಗುವುದು ಮನೆಯ ಕ್ರಯಪತ್ರವಲ್ಲ, ಸಂಘದ ಷೇರು. ಸಂಘದ ಮಂಡಳಿ ಸಂದರ್ಶನಕ್ಕೆ ಕರೆಯುತ್ತದೆ, ಕಾರಣ ಹೇಳದೆ ಬೇಡವೆನ್ನಲೂ ಬಹುದು. ಬೀದಿಗೆ ಕಾಣುವ ಕಿಟಕಿ ಬದಲಿಸಬೇಕೆಂದರೆ ಪರಂಪರೆ ಸಂರಕ್ಷಣಾ ಆಯೋಗದ ಒಪ್ಪಿಗೆ ಬೇಕು. 10 ಲಕ್ಷ ಡಾಲರ್ ಮುಟ್ಟಿದ ಮನೆಗೆಲ್ಲ ‘ಬಂಗಲೆ ತೆರಿಗೆ’ ಇದೆ; 2019ರಿಂದ ಅದು ಬೆಲೆಯೊಂದಿಗೆ ಏರುತ್ತ 40 ಲಕ್ಷದ ಮನೆಗೆ 60,000 ಡಾಲರ್ ಆಗುತ್ತದೆ. ಇವೆಲ್ಲದರ ಜತೆಗೆ, ‘ಇದು ಕಲಾವಿದರಿಗೆ ಮೀಸಲಾದ ಜಾಗವೆಂದು ನನಗೆ ಗೊತ್ತು, ಮುಂದಿನ ತೊಂದರೆಗೆ ನಾನೇ ಹೊಣೆ’ ಎಂಬರ್ಥದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ರೂಢಿ.

ಕಾಗದದ ಮೇಲೊಂದು, ಮನೆಯೊಳಗೊಂದು ಎಂಬ ಈ ಸ್ಥಿತಿಯನ್ನು ಸರಿಪಡಿಸಲು ನಗರಾಡಳಿತ 2021ರ ಡಿಸೆಂಬರಿನಲ್ಲಿ ನಿಯಮವನ್ನು ಮತ್ತೆ ತಿದ್ದಿತು. ಕಲಾವಿದರಿಗೆ ಮೀಸಲಾದ ಮಹಡಿಯನ್ನು ಯಾರು ಬೇಕಾದರೂ ವಾಸಿಸಬಹುದಾದ ಮನೆಯಾಗಿ ಪರಿವರ್ತಿಸಲು ದಾರಿ ತೆರೆಯಿತು. ಬದಲಿಗೆ ಚದರಡಿಗೆ 100 ಡಾಲರಿನಂತೆ ಕಲೆಯ ನಿಧಿಗೆ ಕಟ್ಟಬೇಕೆಂದು ಆಗ ನಿಗದಿ ಮಾಡಿತು. ಎರಡು ಸಾವಿರ ಚದರಡಿಗೆ 2 ಲಕ್ಷ ಡಾಲರ್: ಜಡ್ ಐದೂ ಅಂತಸ್ತಿಗೆ ಕೊಟ್ಟದ್ದರ ಸುಮಾರು ಮೂರು ಪಟ್ಟು, ಆಗಿನ ಡಾಲರಿನ ತೂಕವೇ ಬೇರೆ ಎಂಬುದನ್ನು ಒಪ್ಪಿಕೊಂಡರೂ. ದಶಕಗಳಿಂದ ಅಲ್ಲೇ ಇದ್ದು ವಯಸ್ಸಾದ ಕಲಾವಿದರಿಗೆ ಮನೆಯೇ ಇಡೀ ಗಳಿಕೆ. ಪ್ರಮಾಣಪತ್ರವಿಲ್ಲದವರಿಗೆ ಮಾರಬೇಕೆಂದರೆ ಈ ಹಣ ಬೇರೆ ದಂಡವೇ ಎಂದು ಮಾಲೀಕರ ಗುಂಪೊಂದು ನಗರಾಡಳಿತದ ಮೇಲೆ ದಾವೆ ಹೂಡಿತು.