ಕಾಲೇಜು ಶಿಕ್ಷಣದ ವೆಚ್ಚ: ಹೊಲ ಮಾರುವ ಮುನ್ನ ಮಾಡಬೇಕಾದ ಲೆಕ್ಕ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾಗಿ, ಅದರ ಹಿಂದೆಯೇ ಸಿ.ಇ.ಟಿ. ರ‍್ಯಾಂಕ್ ಪಟ್ಟಿ ಹೊರಬಿದ್ದ ದಿನದಿಂದ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಪಾಲಕರ ಸಂಖ್ಯೆ ಹೆಚ್ಚುತ್ತದೆ. ಬರುವವರಲ್ಲಿ ಬಹುಪಾಲು ಒಕ್ಕಲುತನದವರು. ಅವರ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ಮಗನಿಗೆ ಸೀಟು ಸಿಗುತ್ತದೆ, ಕೇಳುವ ಹಣ ಮಾತ್ರ ಕೈಮೀರಿದ್ದು, “ಎರಡೆಕರೆ ಮಾರೂದೋ ಬ್ಯಾಡೋ, ಅಜ್ಜಾರನ್ನ ಕೇಳಿ ಹೇಳ್ರಿ.” ಪೂಜ್ಯರು ತಮ್ಮ ಮಾತನ್ನು ಹೇಳುತ್ತಾರೆ. ಆದರೆ ಆ ಮಾತಿನ ಹಿಂದೆ ಒಂದು ಲೆಕ್ಕವಿರಬೇಕಾಗುತ್ತದೆ. ಅದನ್ನು ಸದ್ಭಕ್ತರ ಮುಂದೆ ಬಿಚ್ಚಿಡುವುದು ಈ ಲೇಖನದ ಉದ್ದೇಶ.

ಈಚೆಗೆ ಎರಡು ಬಗೆಯ ಉಪದೇಶಗಳು ಧಾರಾಳವಾಗಿ ಕೇಳಿಬರುತ್ತಿವೆ. ಕಾಲೇಜು ಓದಿ ಯಾರು ಉದ್ಧಾರವಾಗಿದ್ದಾರೆ, ಕೌಶಲ ಕಲಿತರೆ ಸಾಕು ಎಂಬುದು ಒಂದು. ಮಕ್ಕಳ ವಿದ್ಯೆಗೆ ಎಷ್ಟು ಖರ್ಚಾದರೂ ಹಿಂದೆಮುಂದೆ ನೋಡಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರ ಮಕ್ಕಳೆಲ್ಲ ಕಾಲೇಜಿನಲ್ಲಿಯೇ ಇರುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ. ಎರಡನೆಯದನ್ನು ಹೇಳುವವರು ಸಾಮಾನ್ಯವಾಗಿ ಹಣ ಪಡೆಯುವ ಕಡೆಯವರು. ಎರಡೆಕರೆಯ ರೈತನಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ವಿದ್ಯೆಗೆ ಬೆಲೆಯಿದೆಯೇ ಎಂಬುದು ಅವನ ಪ್ರಶ್ನೆಯಲ್ಲ. ಈ ಸೀಟಿಗೆ, ಈ ಬೆಲೆಯನ್ನು, ಈ ಹಣದಿಂದ ಕೊಡಬಹುದೇ ಎಂಬುದು ಅವನ ಪ್ರಶ್ನೆ.

ಒಂದು ಕಾಲದಲ್ಲಿ ಉತ್ತರ ಕರ್ನಾಟಕದ ಹುಡುಗನಿಗೆ ಪದವಿ ಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಾದ ಮೇಲೂ ಹಳ್ಳಿಯ ಬಡ ಹುಡುಗನನ್ನು ಕಾಲೇಜಿನ ಬಾಗಿಲಲ್ಲಿ ತಡೆಯುತ್ತಿದ್ದುದು ಶುಲ್ಕಕ್ಕಿಂತ ಹೆಚ್ಚಾಗಿ ಎರಡು ಹೊತ್ತಿನ ಊಟ ಮತ್ತು ತಲೆಯ ಮೇಲೊಂದು ಸೂರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯ ನಡೆಸಿದ್ದು, ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದದ್ದು, ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಛತ್ರದೊಡನೆ ವಿದ್ಯಾರ್ಥಿಗಳಿಗೂ ಆಶ್ರಯ ಕಲ್ಪಿಸಿದ್ದು, ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ದಶಕಗಳ ಕಾಲ ನಡೆಸಿದ್ದು, ಇವೆಲ್ಲ ಆ ಕಾಲದ ನಿಜವಾದ ವೆಚ್ಚ ಎಲ್ಲಿತ್ತು ಎಂಬುದನ್ನು ಸರಿಯಾಗಿ ಗುರುತಿಸಿದ ಕಾರ್ಯಗಳು. ಅಂದಿನ ಕಾಲೇಜು ದುಬಾರಿಯಾಗಿರಲಿಲ್ಲ, ಪಟ್ಟಣವಾಸ ದುಬಾರಿಯಾಗಿತ್ತು. ಅದನ್ನು ಸಮಾಜ ತನ್ನ ಜೋಳಿಗೆಯಿಂದ ತುಂಬಿಕೊಟ್ಟಿತು.

ಇಂದು ವೆಚ್ಚ ತನ್ನ ಜಾಗವನ್ನು ಬದಲಿಸಿದೆ. ಪ್ರಸಾದನಿಲಯದ ತಟ್ಟೆ ಇನ್ನೂ ಉಚಿತವಾಗಿದ್ದರೂ ಕಾಲೇಜಿನ ರಸೀದಿಯಲ್ಲಿರುವ ಅಂಕಿ ಅದರ ಹತ್ತಾರು ಪಟ್ಟು ಬೆಳೆದಿದೆ. ಇದು ಹೇಗಾಯಿತೆಂಬ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶೇಷ ಪಾತ್ರವಿದೆ.

ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಬೇಗನೆ ಬೆಳೆದವು. ಅವುಗಳ ಜೊತೆಗೆ ಡೊನೇಶನ್ ಎಂಬ ಶಬ್ದವೂ ಕನ್ನಡದ ಮನೆಮಾತಾಯಿತು. ‘ದಾನ’ ಎಂಬ ಅರ್ಥದ ಶಬ್ದವೊಂದು ಬಲವಂತದ ವಸೂಲಿಗೆ ಹೆಸರಾದದ್ದು ಭಾಷೆಯ ವಿದ್ಯಾರ್ಥಿಯಾದ ನನಗೆ ಸದಾ ಸೋಜಿಗ. ಅದನ್ನು ನಿಷೇಧಿಸಿ ರಾಜ್ಯ ಸರ್ಕಾರ 1984ರಲ್ಲಿ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಶುಲ್ಕ ವ್ಯವಸ್ಥೆಯನ್ನೇ ಪ್ರಶ್ನಿಸಿತು: ಸರ್ಕಾರಿ ಸೀಟಿನ ವಿದ್ಯಾರ್ಥಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ಅಂತರ ಅದರ ಕಣ್ಣಿಗೆ ಬಿದ್ದಿತ್ತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟುಗಳನ್ನು ಅರ್ಹತೆಯ ಮೇಲೆ ಕಡಿಮೆ ಶುಲ್ಕಕ್ಕೂ ಉಳಿದರ್ಧವನ್ನು ಹೆಚ್ಚಿನ ಶುಲ್ಕಕ್ಕೂ ಕೊಡುವ ಪದ್ಧತಿಯನ್ನು ತಂದಿತು. ರಾಜ್ಯದ ಸಿ.ಇ.ಟಿ. ಬಂದದ್ದು ಆಗಲೇ, 1994ರಲ್ಲಿ. ಆ ಕೆಲವು ವರ್ಷಗಳಲ್ಲಿ ಹಳ್ಳಿಗಳಿಂದ ಹೋಗಿ ಎಂಜಿನಿಯರ್ ಆದವರು ಇಂದು ನಮ್ಮ ಜಾತ್ರೆಗಳಿಗೆ ಕಾರಿನಲ್ಲಿ ಬರುತ್ತಾರೆ. ಆ ಪದವಿ ಫಲಿಸಿದ್ದಕ್ಕೆ ಆ ಹುಡುಗರ ಬುದ್ಧಿಯಷ್ಟೇ ಆ ಬೆಲೆಯೂ ಕಾರಣ.

2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಪದ್ಧತಿಯನ್ನು ತೆಗೆದುಹಾಕಿತು. ಲಾಭಕೋರತನವೂ ಕ್ಯಾಪಿಟೇಶನ್ನೂ ಕೂಡದು, ಆದರೆ ಅನುದಾನರಹಿತ ಸಂಸ್ಥೆ ತನ್ನ ಶುಲ್ಕವನ್ನು ತಾನೇ ನಿರ್ಧರಿಸಬಹುದು ಎಂಬುದು ಅದರ ಸಾರ. ಒಬ್ಬ ವಿದ್ಯಾರ್ಥಿಯ ಖರ್ಚನ್ನು ಮತ್ತೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬ ಅದರ ತರ್ಕವನ್ನು ತಳ್ಳಿಹಾಕಲಾಗದು. ಆದರೆ ಬಡವನ ಪಾಲನ್ನು ಸರ್ಕಾರವೇ ತುಂಬಿಕೊಡಬೇಕಾಗಿತ್ತು. ಅದು ಬೇಕಾದಷ್ಟು ಆಗಲಿಲ್ಲ. ನಂತರ ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ಒಪ್ಪಂದದಂತೆ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜಿನ ಸೀಟುಗಳಲ್ಲಿ ಸಾಮಾನ್ಯವಾಗಿ ಶೇಕಡಾ 45 ಸಿ.ಇ.ಟಿ. ಮೂಲಕ, 30 ಕಾಮೆಡ್‌-ಕೆ ಮೂಲಕ, ಉಳಿದ 25 ಆಡಳಿತ ಮಂಡಳಿಯ ಮೂಲಕ ತುಂಬುತ್ತವೆ. ಒಂದೇ ಬೆಂಚಿನಲ್ಲಿ ಕುಳಿತು ಒಬ್ಬನೇ ಅಧ್ಯಾಪಕನ ಪಾಠ ಕೇಳುವ ಮೂವರಲ್ಲಿ ಒಬ್ಬ ವರ್ಷಕ್ಕೆ ಲಕ್ಷ ರೂಪಾಯಿಯ ಆಸುಪಾಸು, ಇನ್ನೊಬ್ಬ ಎರಡು ಲಕ್ಷಕ್ಕೂ ಮೀರಿ, ಮೂರನೆಯವನು ಬೇಡಿಕೆಯ ಶಾಖೆಯಾದರೆ ಅದರ ಹಲವು ಪಟ್ಟು ಕೊಟ್ಟಿರುತ್ತಾನೆ. ಕೊನೆಯಲ್ಲಿ ವಿಶ್ವವಿದ್ಯಾಲಯ ಕೊಡುವ ಪ್ರಮಾಣಪತ್ರ ಮೂವರಿಗೂ ಒಂದೇ. ಹೊಲ ಮಾರುವ ಪ್ರಶ್ನೆ ಹುಟ್ಟುವುದು ಹೆಚ್ಚಾಗಿ ಈ ಮೂರನೆಯವನ ಮನೆಯಲ್ಲಿ.

ಹೊಲ ಮಾರುವುದಿಲ್ಲ, ಬ್ಯಾಂಕ್ ಸಾಲ ಮಾಡುತ್ತೇವೆ ಎನ್ನುವವರೂ ಇದ್ದಾರೆ. ಆ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ. ವರ್ಷದ ಆರಂಭಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ. ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಓದುವ ನಾಲ್ಕು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಸರಳಬಡ್ಡಿಯ ಲೆಕ್ಕದಲ್ಲಿಯೇ ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ಐದು ವರ್ಷದಲ್ಲಿ 1.25 ಲಕ್ಷ, ಕೊನೆಯ ವರ್ಷದ್ದಕ್ಕೆ ಎರಡು ವರ್ಷದಲ್ಲಿ 50 ಸಾವಿರ, ಹೀಗೆ ಎಲ್ಲ ಕೂಡಿ ಮೂರೂವರೆ ಲಕ್ಷ ಬಡ್ಡಿ ಸೇರುತ್ತದೆ. ಮೊದಲ ಕಂತು ಕಟ್ಟುವ ದಿನ ಸಾಲ 13.5 ಲಕ್ಷವಾಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ ಬೇಕು. ಒಟ್ಟು ಕಟ್ಟುವುದು ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು.

ಇನ್ನು ಬರುವ ಸಂಬಳ. ಹೊಸ ಎಂಜಿನಿಯರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಳ್ಳುವ ಐ.ಟಿ. ಕಂಪನಿಗಳ ಆರಂಭದ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತಿದೆ. ಶುಲ್ಕ ಮಾತ್ರ ನಿಂತಿಲ್ಲ. ಕಡಿತಗಳೆಲ್ಲ ಹೋಗಿ ಕೈಗೆ 25 ಸಾವಿರ ಬಂದರೆ, ಕಂತು ಕಟ್ಟಿದ ಮೇಲೆ ಉಳಿಯುವುದು ಏಳು ಸಾವಿರ ಚಿಲ್ಲರೆ. ಬೆಂಗಳೂರಿನಲ್ಲಿ ಅದು ಪಿ.ಜಿ.ಯ ಬಾಡಿಗೆಗೂ ಸಾಲದು. ನೌಕರಿ ಮಾಡುವ ಮಗನಿಗೆ ಊರಿನಿಂದ ಜೋಳದ ಚೀಲ ಹೋಗುವುದು ಹಿಂದೆಯೂ ಇತ್ತು, ಅದು ಪ್ರೀತಿಯ ಮಾತು. ಹಣವೂ ಹೋಗಬೇಕಾಗಿ ಬಂದರೆ ಅದು ಬೇರೆಯ ಮಾತು. ಅದೇ ಹುಡುಗ ಸಿ.ಇ.ಟಿ. ಸೀಟಿನಲ್ಲಿ, ನಾಲ್ಕು ಲಕ್ಷದ ಸಾಲದಲ್ಲಿ ಓದಿದ್ದರೆ ಕಂತು ಏಳು ಸಾವಿರದ ಸುಮಾರಿಗೆ ಇಳಿಯುತ್ತಿತ್ತು. ಅದನ್ನು ಹೊರಬಹುದು. ಕೆಲವರು ಇದಕ್ಕಿಂತ ಬಹಳ ಹೆಚ್ಚಿನ ಸಂಬಳಕ್ಕೆ ಸೇರುತ್ತಾರೆ, ನಿಜ. ಕಾಲೇಜಿನ ಜಾಹೀರಾತು ಫಲಕದಲ್ಲಿ ಅವರ ಭಾವಚಿತ್ರವೇ ಇರುತ್ತದೆ. ನಾವು ಲೆಕ್ಕ ಹಾಕಬೇಕಾದದ್ದು ಫಲಕದ ಮೇಲಿರದ ಹುಡುಗರದ್ದು.

ಪದವೀಧರರಲ್ಲಿ ನಿರುದ್ಯೋಗ ಹೆಚ್ಚು, ಓದದವರಲ್ಲಿ ಕಡಿಮೆ ಎಂದು ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಗಳು ವರ್ಷ ವರ್ಷವೂ ತೋರಿಸುತ್ತಿವೆ. ಇದರಿಂದ ಓದು ವ್ಯರ್ಥ ಎಂಬ ತೀರ್ಮಾನಕ್ಕೆ ಬರುವವರು ಒಂದನ್ನು ಮರೆಯುತ್ತಾರೆ. ಓದದವನಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲವೇ ಇಲ್ಲ. ಸಿಕ್ಕ ಕೂಲಿಗೆ ಮರುದಿನವೇ ಹೋಗಬೇಕು. ಪದವೀಧರ ತಕ್ಕ ಕೆಲಸಕ್ಕೆ ಕಾಯುತ್ತಾನೆ. ಕೆಲಸ ಸಿಕ್ಕ ಮೇಲೆ ಅವನ ಗಳಿಕೆ ಹೆಚ್ಚು ಎಂಬುದನ್ನೂ ಅವೇ ಸಮೀಕ್ಷೆಗಳು ಹೇಳುತ್ತವೆ. ಆದರೆ ಆ ಕಾಯುವಿಕೆಗೂ ಬೆಲೆಯಿದೆ, ಅದನ್ನು ಯಾರೂ ಪ್ರವೇಶದ ದಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತ ಕೋಣೆಯ ಬಾಡಿಗೆ, ಕೋಚಿಂಗ್ ಶುಲ್ಕ, ಖಾನಾವಳಿಯ ಬಿಲ್ಲು ಕಟ್ಟುತ್ತ ನಾಲ್ಕೈದು ವರ್ಷ ಕಳೆಯುವ ಪದವೀಧರರನ್ನು ನೋಡಿದವರಿಗೆ ಇದು ತಿಳಿದಿದೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಅದರಾಚೆಯ ಕಾಯುವಿಕೆ ಅಪ್ಪನ ಖರ್ಚಿನಲ್ಲಿಯೇ ನಡೆಯಬೇಕು.

ಹಾಗಾದರೆ ಕಡಿಮೆ ಬೆಲೆಯ ದಾರಿಗಳಿಲ್ಲವೆ? ಇವೆ, ಅವುಗಳಿಗೆ ಜಾಹೀರಾತು ಇಲ್ಲ. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಿ.ಯು.ಸಿ. ಎರಡು, ಪದವಿ ನಾಲ್ಕು ಸೇರಿದರೆ ಆರು ವರ್ಷ. ಡಿಪ್ಲೊಮಾ ಮೂರು, ಪದವಿ ಮೂರು ಸೇರಿದರೂ ಆರೇ ವರ್ಷ. ಒಂದು ವರ್ಷದ ಎಂಜಿನಿಯರಿಂಗ್ ಶುಲ್ಕ ಉಳಿಯುತ್ತದೆ, ನಡುವೆ ಬೇಕೆನಿಸಿದರೆ ಕೆಲಸಕ್ಕೆ ಸೇರುವ ಬಾಗಿಲೂ ತೆರೆದಿರುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವವರಿಗೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲದ ಎಸ್.ಎನ್.ಕ್ಯು. ಸೀಟುಗಳಿವೆ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆದಿರದ ಕಾರಣಕ್ಕೆ ಇಂಥ ಸೌಲಭ್ಯ ತಪ್ಪಿಸಿಕೊಳ್ಳುವವರು ಪ್ರತಿವರ್ಷವೂ ಇದ್ದಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗಳನ್ನು ಹಳಿಯುವವರು ಬಹಳ. ಕನ್ನಡ ಎಂ.ಎ. ಮಾಡಿದ ನನಗೆ ಆ ಹಳಿತದ ಪರಿಚಯ ಸಾಕಷ್ಟಿದೆ. ಆ ಪದವಿ ಹೆಚ್ಚಿನ ಸಂಬಳದ ಭರವಸೆ ಕೊಡುವುದಿಲ್ಲ, ಆದರೆ ಮನೆಯನ್ನು ಸಾಲಕ್ಕೂ ನೂಕುವುದಿಲ್ಲ. ಬೆಲೆ ಕಡಿಮೆಯಿದ್ದಲ್ಲಿ ವಿದ್ಯಾರ್ಥಿ ತನ್ನ ಮನಸ್ಸಿನ ವಿಷಯವನ್ನು ಓದುವ ಸ್ವಾತಂತ್ರ್ಯ ಉಳಿಯುತ್ತದೆ. ಇಪ್ಪತ್ತು ಲಕ್ಷ ಕೊಟ್ಟವನಿಗೆ ಆ ಸ್ವಾತಂತ್ರ್ಯವಿಲ್ಲ.

ಸಾಲ ಅನಿವಾರ್ಯವಾದಲ್ಲಿ ಪ್ರವೇಶಕ್ಕೆ ಮೊದಲೇ ಬ್ಯಾಂಕಿಗೆ ಹೋಗಬೇಕು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಆಸ್ತಿಯ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಆರಂಭವಾಗುವ ತನಕ ಶೇಕಡಾ 3ರ ಬಡ್ಡಿ ರಿಯಾಯಿತಿ ಇದೆ. ಸೇರಬೇಕೆಂದಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಸೇರುವ ಮುನ್ನವೇ ನೋಡಿಕೊಳ್ಳಬೇಕು, ಸೇರಿದ ಮೇಲಲ್ಲ. ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದಕ್ಕೆ ಮಾತ್ರ ಈ ಲೇಖಕನ ಸಮ್ಮತಿಯಿಲ್ಲ. ಸಾಲ ಎಂದಾದರೂ ತೀರುತ್ತದೆ, ಮಾರಿದ ಹೊಲ ಮರಳಿ ಬರುವುದು ಅಪರೂಪ.

ಇಲ್ಲಿ ಹೆಣ್ಣುಮಕ್ಕಳ ಮಾತನ್ನು ಬಿಡುವಂತಿಲ್ಲ. ಮಗನ ಸೀಟಿಗೆ ಹೊಲ ಮಾರಲು ಸಿದ್ಧವಿರುವ ಮನೆಯಲ್ಲಿಯೇ ಅವನಿಗಿಂತ ಒಳ್ಳೆಯ ರ‍್ಯಾಂಕ್ ಪಡೆದ ಮಗಳಿಗೆ “ಅಕಿ ಲಗ್ನದ ಖರ್ಚ ಐತೆಲ್ಲ” ಎಂಬ ಉತ್ತರ ಸಿಗುತ್ತದೆ. ಅರ್ಹತೆಯಿಂದ ಸಿಕ್ಕ ಕಡಿಮೆ ಶುಲ್ಕದ ಸೀಟು ಬಿಟ್ಟುಹೋಗುತ್ತದೆ, ಅರ್ಹತೆಯಿಲ್ಲದ ದುಬಾರಿ ಸೀಟು ಕೊಳ್ಳಲಾಗುತ್ತದೆ. ಧರ್ಮದ ಮಾತು ಹಾಗಿರಲಿ, ಬರೀ ವ್ಯವಹಾರದ ದೃಷ್ಟಿಯಿಂದಲೂ ಇದು ನಷ್ಟದ ಲೆಕ್ಕ.

ಕೊನೆಯದಾಗಿ ನಮ್ಮ ಕಡೆಯ ಮಾತು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆ ಪರಂಪರೆಯಿಂದ ಹೊರಟ ಸಮಾಜದ ಹಲವು ಸಂಸ್ಥೆಗಳು ಇಂದು ವೃತ್ತಿಶಿಕ್ಷಣ ಕಾಲೇಜುಗಳನ್ನು ನಡೆಸುತ್ತಿವೆ, ಮತ್ತು ಮೇಲೆ ಹೇಳಿದ ಮೂರು ಬಗೆಯ ಶುಲ್ಕಗಳನ್ನು ಅವೂ ಪಡೆಯುತ್ತವೆ. ಅಧ್ಯಾಪಕರ ಸಂಬಳ, ಪ್ರಯೋಗಾಲಯ, ಕಟ್ಟಡಗಳಿಗೆ ಹಣ ಬೇಕು, ಒಪ್ಪುವ ಮಾತೇ. ಆದರೆ ಪ್ರಸಾದನಿಲಯಕ್ಕೆ ಅಕ್ಕಿ ಕೊಟ್ಟರೆ ಅಕ್ಷರ ದಾಸೋಹ ಪೂರ್ಣವಾಯಿತೆಂದು ತಿಳಿಯುವ ಕಾಲ ಇದಲ್ಲ. ಅಕ್ಕಿಯ ದಾನಿಗಳು ನಮ್ಮಲ್ಲಿ ಇಂದಿಗೂ ಹೇರಳ, ಶುಲ್ಕದ ದಾನಿಗಳು ವಿರಳ. ಪಂಕ್ತಿಯಲ್ಲಿ ಬಡಿಸುವುದು ಕಣ್ಣಿಗೆ ಕಾಣುತ್ತದೆ, ಯಾರದೋ ಮಗಳ ಮೂರನೆಯ ಸೆಮಿಸ್ಟರಿನ ಶುಲ್ಕ ಕಟ್ಟಿದ್ದು ಕಾಣುವುದಿಲ್ಲ ಎಂಬುದೂ ಒಂದು ಕಾರಣವಿರಬಹುದು.

ಈ ಹಿನ್ನೆಲೆಯಲ್ಲಿ ಜಾತ್ರಾ ಮಹೋತ್ಸವದ ಪೂರ್ವಭಾವಿ ಸಭೆಯ ಮುಂದೆ ಒಂದು ಸಲಹೆಯನ್ನು ಇಡಲಾಗುವುದು. ಮಂಟಪ, ದೀಪಾಲಂಕಾರ, ಸ್ವಾಗತ ಫಲಕಗಳಿಗೆಂದು ಬರುವ ದೇಣಿಗೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಯಲ್ಲಿಟ್ಟು, ಸಿ.ಇ.ಟಿ. ಮೂಲಕ ಸೀಟು ಪಡೆದೂ ಶುಲ್ಕ ಕಟ್ಟಲಾಗದ ವಿದ್ಯಾರ್ಥಿಗಳಿಗೆ, ಅವರಲ್ಲಿಯೂ ಮೊದಲು ಹೆಣ್ಣುಮಕ್ಕಳಿಗೆ, ಬಡ್ಡಿಯಿಲ್ಲದ ಸಾಲವಾಗಿ ಕೊಡುವುದು. ನೌಕರಿ ಸೇರಿದವರು ಅದನ್ನು ಮುಂದಿನವರಿಗೆಂದು ಮರಳಿಸುವುದು. ಹಣ ವಿದ್ಯಾರ್ಥಿಯ ಕೈಗೆ ಹೋಗದೆ ನೇರವಾಗಿ ಕಾಲೇಜಿಗೆ ಸಂದಾಯವಾಗಬೇಕು, ರಸೀದಿ ಶ್ರೀಮಠದ ಕಡತದಲ್ಲಿರಬೇಕು. ಜಾತಿ, ಪಂಗಡದ ಷರತ್ತು ಬೇಡವೆಂಬುದು ಪೂಜ್ಯರ ಅಪ್ಪಣೆ. ಎಷ್ಟು ಪಾಲು ಎಂಬುದನ್ನು ಸಭೆಯೇ ನಿರ್ಧರಿಸಲಿ.